ರಝಿಯಾಳಿಗೆ ಮಾತ್ರ ಹೇಗೆ ಅರ್ಥವಾಯಿತು?

ಮಣಿಪಾಲದ ಕ್ಲಾಸಿನಲ್ಲಿ ಒಂದು ಶನಿವಾರ ಮಧ್ಯಾಹ್ನ, ನನ್ನ ಪಕ್ಕದಲ್ಲಿ ಕೂತಿದ್ದ ರಝಿಯಾ ಕೈ ಎತ್ತಿದಳು.

ಅಷ್ಟೇ. ಬೇರೆ ಏನೂ ಆಗಲಿಲ್ಲ. ಆದರೆ ನನ್ನ ಹೊಟ್ಟೆಯೊಳಗೆ ಯಾರೋ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ ಹಾಗಾಯಿತು.

ಕೈ ಎತ್ತಿದ್ದಕ್ಕೆ ಹೊಟ್ಟೆ ಉರಿಯುವುದೇ ಎಂದು ನೀವು ಕೇಳಬಹುದು. ಕೇಳಿ, ಪರವಾಗಿಲ್ಲ. ಅವಳು ನೀರು ಕುಡಿಯಲು ಹೋಗಬೇಕೆಂದು ಕೈ ಎತ್ತಿದ್ದರೆ ನನಗೆ ಏನೂ ಅನಿಸುತ್ತಿರಲಿಲ್ಲ. ಫ್ಯಾನ್ ಜೋರು ಮಾಡಿ ಎನ್ನಲು ಎತ್ತಿದ್ದರೆ ನಾನೂ ಜೊತೆಗೆ ಎತ್ತುತ್ತಿದ್ದೆ. ಅವಳು ಎತ್ತಿದ್ದು ಉತ್ತರ ಹೇಳಲು. ಅದೂ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ!

ಹೊಸ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. (ಹಳಬರು ಒಂದೆರಡು ಪ್ಯಾರಾ ಹಾರಿಸಿ ಹೋಗಿ, ನಿಮಗೆ ನನ್ನ ಕಷ್ಟ ಗೊತ್ತಿದ್ದದ್ದೇ.) ನಾನು ಕಾಪುವಿನ ಒಂದು ಪಿಯು ಕಾಲೇಜಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಟೈಪ್ ಮಾಡುವುದು ಹೇಗೆ, ಟೇಬಲ್ ಹಾಕುವುದು ಹೇಗೆ, ಪ್ರಿಂಟ್ ಕೊಡುವುದು ಹೇಗೆ ಎಂದು ವರ್ಷಗಟ್ಟಲೆ ಕಲಿಸಿದ್ದೇನೆ. ಆ ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆ ಎಂದು ನಾನೂ ಕೇಳಿದವಳಲ್ಲ, ಅದೂ ಹೇಳಿದ್ದಲ್ಲ. ಇಬ್ಬರೂ ಸುಖವಾಗಿದ್ದೆವು.

ಹೊಸ ಆಡಳಿತ ಮಂಡಳಿ ಬಂತು. ಎರಡು ವರ್ಷ ಗಡುವು ಕೊಟ್ಟು, ಆಮೇಲಿನ ಜೂನ್‌ನಿಂದ ಎಂಸಿಎ ಇಲ್ಲದವರಿಗೆ ಕೆಲಸವಿಲ್ಲ ಎಂದಿತು. ನಲವತ್ತು ದಾಟಿದ ಮೇಲೆ ನಾನು ಮಣಿಪಾಲದಲ್ಲಿ ಶನಿವಾರ-ಭಾನುವಾರದ ಎಂಸಿಎಗೆ ಸೇರಿದ್ದು ಹೀಗೆ. ಉಳಿದ ಪೇಪರುಗಳನ್ನೆಲ್ಲ ಹೇಗೋ ದಾಟಿದೆ. ಇದೊಂದು ಮಾತ್ರ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಇದರಲ್ಲಿ ಫೇಲಾದರೆ ಕೆಲಸ ಹೋಯಿತು ಎಂದೇ ಅರ್ಥ.

ಆಪರೇಟಿಂಗ್ ಸಿಸ್ಟಮ್ ಎಂದರೆ ಕಂಪ್ಯೂಟರಿನ ಮನೆವಾರ್ತೆ ನೋಡಿಕೊಳ್ಳುವ ಯಜಮಾನಿ. ಅಲ್ಲಿ ನಡೆಯುವ ಒಂದೊಂದು ಕೆಲಸಕ್ಕೆ ಪ್ರೋಸೆಸ್ ಎಂದು ಹೆಸರು. ಯಾರ ಸರದಿ ಮೊದಲು, ಯಾರು ಕಾಯಬೇಕು, ಯಾರಿಗೆ ಎಷ್ಟು ಜಾಗ, ಇಬ್ಬರು ಒಂದೇ ವಸ್ತುವಿಗೆ ಜಗಳವಾಡಿದರೆ ಬಿಡಿಸುವುದು ಹೇಗೆ, ಎಲ್ಲವೂ ಅವಳ ತಲೆಗೆ. ಇಷ್ಟು ಚೆನ್ನಾಗಿ ಈಗ ಹೇಳುತ್ತಿದ್ದೇನಲ್ಲ, ಆಗ ಇದರ ಒಂದು ಅಕ್ಷರವೂ ನನ್ನ ತಲೆಗೆ ಹತ್ತಿರಲಿಲ್ಲ.

ರಝಿಯಾಳ ತಲೆಗೂ ಹತ್ತಿರಲಿಲ್ಲ. ನಮ್ಮ ಸ್ನೇಹ ಬೆಳೆದದ್ದೇ ಅದರಿಂದ.

ಅವಳು ಹೂಡೆಯವಳು. ನನಗಿಂತ ಕೆಲವು ವರ್ಷ ಚಿಕ್ಕವಳು. ಗಂಡ ಸೌದಿಯ ದಮ್ಮಾಮಿನಲ್ಲಿ, ಮಕ್ಕಳಿಬ್ಬರು ಶಾಲೆಯಲ್ಲಿ. ಊರಿನ ಹೆಂಗಸರಿಗಾಗಿ ಒಂದು ಕಂಪ್ಯೂಟರ್ ಸೆಂಟರ್ ತೆರೆಯಬೇಕೆಂದು ಓದಲು ಬಂದಿದ್ದಳು. ಕ್ಲಾಸಿನಲ್ಲಿ ಉಳಿದವರೆಲ್ಲ ನಮ್ಮ ಅರ್ಧ ಪ್ರಾಯದವರು. ಪಾಠ ನಡೆಯುವಾಗ ಫೋನು ನೋಡುತ್ತಾರೆ, ಪರೀಕ್ಷೆಯಲ್ಲಿ ಮಾರ್ಕು ತೆಗೆಯುತ್ತಾರೆ. ನಾವಿಬ್ಬರು ಕಣ್ಣು ಮಿಟುಕಿಸದೆ ಪಾಠ ಕೇಳುತ್ತೇವೆ, ಏನೂ ತಿಳಿಯುವುದಿಲ್ಲ.

‘ನಿಮಗೆ ಎಂತಾದ್ರೂ ಅರ್ಥ ಆಯ್ತಾ?’ ಎಂದು ಅವಳು ಕೇಳುತ್ತಿದ್ದಳು.

‘ಇಲ್ಲ ಮಾರಾಯ್ತಿ. ನಿನಗೆ?’

‘ದೇವರಾಣೆ ಇಲ್ಲ.’

ಆಮೇಲೆ ಇಬ್ಬರೂ ಕ್ಯಾಂಟೀನಿಗೆ ಹೋಗಿ ನೆಮ್ಮದಿಯಿಂದ ಬನ್ಸ್ ತಿನ್ನುತ್ತಿದ್ದೆವು. ಮೊದಲ ಇಂಟರ್ನಲ್ಸ್‌ನಲ್ಲಿ ಇಬ್ಬರಿಗೂ ಒಂದೇ ಮಾರ್ಕು ಬಂತು. (ಎಷ್ಟು ಎಂದು ಕೇಳಬೇಡಿ.) ನಾನು ಇಷ್ಟು ವರ್ಷ ಬದುಕಿದ್ದೇನೆ, ಅಷ್ಟು ಒಳ್ಳೆಯ ಗೆಳತಿ ನನಗೆ ಸಿಕ್ಕಿರಲಿಲ್ಲ.

ಅಂಥವಳು ಕೈ ಎತ್ತಿದಳು.

ನಮಗೆ ಪಾಠ ಮಾಡುವ ಪ್ರತೀಕ್ಷಾ ಮೇಡಂ ಕಾರ್ಕಳದಿಂದ ಬಸ್ಸಿನಲ್ಲಿ ಬರುವ ಹುಡುಗಿ. ನನ್ನ ಅಣ್ಣನ ಮಗಳ ಪ್ರಾಯ. ಆ ದಿನ ಅವರು ಹೇಳುತ್ತಿದ್ದದ್ದು ಪ್ರೋಸೆಸ್ಸುಗಳ ಸಂಸಾರದ ಕಥೆ. ಒಂದು ಪ್ರೋಸೆಸ್ ಇನ್ನೊಂದನ್ನು ಹುಟ್ಟಿಸುತ್ತದೆ. ಹುಟ್ಟಿಸಿದ್ದು ಪೇರೆಂಟ್, ಹುಟ್ಟಿದ್ದು ಚೈಲ್ಡ್. ಮಗು ಇನ್ನೂ ಕೆಲಸ ಮಾಡುತ್ತಿರುವಾಗಲೇ ಪೇರೆಂಟ್ ಮುಗಿದುಹೋದರೆ ಆ ಮಗು ಆರ್ಫನ್, ಅಂದರೆ ಅನಾಥ. ‘ಆ ಅನಾಥ ಪ್ರೋಸೆಸ್ಸಿನ ಗತಿ ಏನು?’ ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

ನಾನು ವಾಡಿಕೆಯಂತೆ ಬ್ಯಾಗಿನೊಳಗೆ ತಲೆ ಹಾಕಿ ಪೆನ್ನು ಹುಡುಕಲು ತೊಡಗಿದೆ. (ಪೆನ್ನು ಕೈಯಲ್ಲೇ ಇತ್ತು.) ಆಗ ಪಕ್ಕದಿಂದ ದನಿ ಬಂತು.

‘ಮೇಡಂ, ಇನಿಟ್ ವಿಲ್ ಸಾಕು ಇಟ್!’

ಇನಿಟ್ ಎಂದರೆ ಕಂಪ್ಯೂಟರ್ ಎದ್ದಾಗ ಎಲ್ಲರಿಗಿಂತ ಮೊದಲು ಹುಟ್ಟುವ ಪ್ರೋಸೆಸ್. ಮನೆಗೆ ಹಿರಿಯಳು. ಅನಾಥವಾದ ಮಕ್ಕಳನ್ನೆಲ್ಲ ಅದು ತನ್ನದಾಗಿ ಮಾಡಿಕೊಳ್ಳುತ್ತದೆ. ಅಡಾಪ್ಟ್ ಎನ್ನುವ ಶಬ್ದ ರಝಿಯಾಳ ಬಾಯಿಗೆ ಬರಲಿಲ್ಲ. ಸಾಕು ಎನ್ನುವುದು ಬಂತು.

ಹಿಂದಿನ ಬೆಂಚಿನಲ್ಲಿ ಉತ್ತರ ಭಾರತದ ಒಬ್ಬ ಹುಡುಗ ಎದ್ದು ನಿಂತ. ‘ಸಾಕು ಮೀನ್ಸ್ ಎನಫ್, ನಾ?’ ಎಂದ. ಮಣಿಪಾಲಕ್ಕೆ ಬಂದವರು ಮೊದಲು ಕಲಿಯುವ ಕನ್ನಡ ಅದೇ. ಮೆಸ್ಸಿನಲ್ಲಿ ಸಾಂಬಾರು ಸುರಿಯುತ್ತಲೇ ಇರುವವನನ್ನು ನಿಲ್ಲಿಸಲು ಬೇರೆ ಉಪಾಯವಿಲ್ಲ.

‘ಅಲ್ಲ,’ ಎಂದರು ಮೇಡಂ. ಅವರ ಮುಖ ಅರಳಿತ್ತು. ‘ಸಾಕು ಅಂದರೆ ಬೆಳೆಸುವುದು. ಎಕ್ಸಾಕ್ಟ್ಲಿ ಕರೆಕ್ಟ್!’ ಅಷ್ಟಕ್ಕೇ ನಿಲ್ಲಿಸಿದರೇ? ತಿರುಗಿ ಬೋರ್ಡಿನ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ‘ಸಾಕು’ ಎಂದು ಬರೆದರು. ಅಡಿಯಲ್ಲಿ ಗೆರೆ ಎಳೆದರು.

ಕ್ಲಾಸು ಮುಗಿದ ಮೇಲೆ ಹುಡುಗರೆಲ್ಲ ಅವಳನ್ನು ಸುತ್ತುವರಿದರು. ‘ಸಾಕು ಮ್ಯಾಮ್, ಸಾಕು ಮ್ಯಾಮ್’ ಎಂದು ಡೌಟು ಕೇಳತೊಡಗಿದರು. ನನ್ನನ್ನು ಇಡೀ ಸೆಮಿಸ್ಟರಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ, ‘ಆಂಟಿ, ಚಾರ್ಜರ್ ಇದೆಯಾ?’

ಮಣಿಪಾಲದಿಂದ ಉಡುಪಿಯವರೆಗೆ ನಾವು ಒಂದೇ ಬಸ್ಸಿನಲ್ಲಿ ಹೋಗುವವರು. ಅಲ್ಲಿಂದ ಅವಳು ಹೂಡೆಯ ಬಸ್ಸಿಗೆ, ನಾನು ಕಾಪುವಿನ ಬಸ್ಸಿಗೆ. ಆ ದಿನ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

‘ಎಂತ ಮಾತೇ ಇಲ್ಲ ಇವತ್ತು?’ ಎಂದಳು.

‘ತಲೆನೋವು.’

‘ಶುಂಠಿ ಕಷಾಯ ಮಾಡಿ ಕುಡೀರಿ.’

ನನಗೆ ತಡೆಯಲಾಗಲಿಲ್ಲ. ‘ನಿನಗೆ ಅದು ಹೇಗೆ ಗೊತ್ತಾಯ್ತು?’

‘ಶುಂಠಿ ಕಷಾಯವಾ?’

‘ಅಲ್ಲ ಮಾರಾಯ್ತಿ. ಇನಿಟ್!’

‘ಓ, ಅದಾ,’ ಎಂದು ನಕ್ಕಳು. ‘ಹಾಗೇ ಗೊತ್ತಾಯ್ತು.’

ಹಾಗೇ! ಈ ‘ಹಾಗೇ’ ಎನ್ನುವ ಶಬ್ದವಿದೆಯಲ್ಲ, ಇದಕ್ಕಿಂತ ಹೊಟ್ಟೆ ಉರಿಸುವ ಶಬ್ದ ಕನ್ನಡದಲ್ಲಿ ಇನ್ನೊಂದಿಲ್ಲ. ಹಾಗೇ ತೂಕ ಇಳಿಯಿತು ಎನ್ನುವವರು, ಹಾಗೇ ಸೈಟು ಸಿಕ್ಕಿತು ಎನ್ನುವವರು, ಮಗನಿಗೆ ಹಾಗೇ ರ್‍ಯಾಂಕು ಬಂತು ಎನ್ನುವವರು. ನಿಮಗೂ ಅಂಥವರ ಪರಿಚಯ ಇರಬೇಕು. ನಮಗೆ ಮಾತ್ರ ಯಾಕೆ ಯಾವುದೂ ಹಾಗೇ ಆಗುವುದಿಲ್ಲ?

ಮನೆಗೆ ಬಂದು ಪತ್ತೇದಾರಿ ಕೆಲಸಕ್ಕೆ ಇಳಿದೆ. ಗುಟ್ಟಾಗಿ ಟ್ಯೂಷನ್ನಿಗೆ ಹೋಗುತ್ತಿದ್ದಾಳೆಯೇ? ಹೂಡೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಟ್ಯೂಷನ್ ಯಾರು ಕೊಡುತ್ತಾರೆ? ಗಂಡ ದಮ್ಮಾಮಿನಿಂದ ವಿಡಿಯೋ ಕಾಲಿನಲ್ಲಿ ಹೇಳಿಕೊಡುತ್ತಾನೆಯೇ? ಅವನು ಏಸಿ ರಿಪೇರಿಯವನು. ಬಾದಾಮಿ ತಿನ್ನುತ್ತಿರಬಹುದೇ? (ಗಲ್ಫಿನಿಂದ ಬರುವ ಬಾದಾಮಿ ದಪ್ಪ ಇರುತ್ತದೆ ಎಂದು ಕೇಳಿದ್ದೇನೆ.) ಸೋಮವಾರ ಪೇಟೆಗೆ ಹೋಗಿ ಕಾಲು ಕಿಲೋ ಬಾದಾಮಿ ತಂದು ನೆನೆಹಾಕಿದೆ. ಮಗ ತಿಂದು ಮುಗಿಸಿದ.

ಗಂಡನ ಹತ್ತಿರ ಹೇಳಿದೆ. ನಮ್ಮವರಿಗೆ ಕಾಪು ಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿ ಇದೆ. ಒಳ್ಳೆಯ ಮನುಷ್ಯ. ಶನಿವಾರ ಬೆಳಿಗ್ಗೆ ನನ್ನನ್ನು ಸ್ಕೂಟರಿನಲ್ಲಿ ಬಸ್ಸಿನವರೆಗೆ ಬಿಡುತ್ತಾರೆ, ಫೀಸು ಕಟ್ಟುವಾಗ ಮುಖ ಸಿಂಡರಿಸಿದವರಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ಫೋನಿನಿಂದ ತಲೆ ಎತ್ತದೆ ಅವರು ಹೇಳಿದ್ದು ಇಷ್ಟು: ‘ಅವಳು ಹುಷಾರಿ ಇರ್ಬೇಕು.’

ಆ ರಾತ್ರಿಯ ಸಾರಿಗೆ ಉಪ್ಪು ಜಾಸ್ತಿ ಬಿತ್ತು. ನಾನು ಬೇಕೆಂದು ಹಾಕಿದ್ದಲ್ಲ.

ಎರಡನೇ ಇಂಟರ್ನಲ್ಸ್ ಬಂತು. ರಝಿಯಾ ಕ್ಲಾಸಿಗೇ ಹೆಚ್ಚು. ನಾನು ಎಲ್ಲಿದ್ದೆನೋ ಅಲ್ಲೇ. ಪೇಪರು ಕೊಡುವಾಗ ಪ್ರತೀಕ್ಷಾ ಮೇಡಂ ನನ್ನನ್ನು ಬದಿಗೆ ಕರೆದು, ‘ಮೇಡಂ, ನೀವು ಬಾಯಿಪಾಠ ಮಾಡ್ತಾ ಇದ್ದೀರಿ. ಆರ್ಫನ್‌ಗೂ ಝೋಂಬಿಗೂ ವ್ಯತ್ಯಾಸ ಬರೀರಿ ಅಂದ್ರೆ ಎರಡೂ ತಂದೆತಾಯಿ ಇಲ್ಲದವು ಅಂತ ಬರ್ದಿದ್ದೀರಿ. ಫೈನಲ್‌ನಲ್ಲಿ ಹೀಗಾದ್ರೆ ಕಷ್ಟ,’ ಎಂದರು. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದರು. ನನಗೆ ಕಣ್ಣ ಮುಂದೆ ಬಂದದ್ದು ಜೂನ್ ತಿಂಗಳು. ನನ್ನ ಲ್ಯಾಬಿನ ಕೀಲಿಗೊಂಚಲು ಬೇರೆ ಯಾರದ್ದೋ ಸೊಂಟದಲ್ಲಿ.

ಬಸ್ಸಿನಲ್ಲಿ ರಝಿಯಾ ನನ್ನ ಮುಖ ನೋಡಿದಳು. ‘ಈ ಭಾನುವಾರ ಕ್ಲಾಸಿಲ್ಲ ಅಲ್ವಾ? ನಮ್ಮ ಮನೆಗೆ ಬನ್ನಿ. ಒಟ್ಟಿಗೆ ಓದುವ,’ ಎಂದಳು.

ಹೋಗಬಾರದೆಂದುಕೊಂಡೆ. ಸ್ವಾಭಿಮಾನ ಎನ್ನುವುದು ಒಂದಿದೆಯಲ್ಲ? ಆದರೆ ಗುಟ್ಟು ತಿಳಿಯುವ ಆಸೆ ಅದಕ್ಕಿಂತ ದೊಡ್ಡದಿತ್ತು. ಹೋದೆ.

ಅವರ ಮನೆ ಹೊಳೆಯ ಬದಿಗೆ. ಹಿಂದಿನ ಜಗಲಿಯಲ್ಲಿ ಅವಳ ಅತ್ತೆ ಐಸಮ್ಮ ಮೆಟ್ಟುಕತ್ತಿಯ (ಈಳಿಗೆಮಣೆ) ಹಿಂದೆ ಕೂತು ಹೊಳೆಯಲ್ಲಿ ಸಿಗುವ ಕಪ್ಪೆಚಿಪ್ಪು, ನಮ್ಮ ಮರುವಾಯಿ, ಬಿಡಿಸುತ್ತಿದ್ದರು. ನನ್ನನ್ನು ನೋಡಿ, ‘ನೀವೇನಾ ಕಾಪುವಿನ ಟೀಚರು? ಕೂತ್ಕೊಳ್ಳಿ,’ ಎಂದರು. (ನಾವು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ರಝಿಯಾ ಹಾಲಿಲ್ಲದ ಸುಲೈಮಾನಿ ಚಹಾ ತಂದುಕೊಟ್ಟು ಚಾಪೆ ಹಾಸಿದಳು. ನಾನು ಪುಸ್ತಕ ತೆಗೆದೆ. ಅವಳು ತೆಗೆಯಲಿಲ್ಲ.

‘ಹ್ಞಾಂ, ಹೇಳು,’ ಎಂದರು ಐಸಮ್ಮ. ‘ಇವತ್ತು ಎಂತದ್ದು?’

ಅಡುಗೆಯ ವಿಷಯ ಎಂದುಕೊಂಡೆ. ಅಲ್ಲ.

‘ಇವತ್ತು ಝೋಂಬಿ, ಉಮ್ಮ,’ ಎಂದಳು ರಝಿಯಾ. ಅತ್ತೆಯನ್ನು ಅವಳು ಅಮ್ಮ ಎಂದೇ ಕರೆಯುವುದು.

‘ಅದು ಯಾರು?’

‘ಮೊನ್ನೆ ಹೇಳಿದ್ದೆನಲ್ಲ, ತಾಯಿ ಇಲ್ಲದ ಮಗು?’

‘ಯತೀಮ್. ಅದನ್ನು ಆ ದೊಡ್ಡವಳು ಸಾಕಿದಳಲ್ಲ. ಒಳ್ಳೆ ಹೆಂಗಸು. ಇದು ಎಂತದ್ದು?’

ನಾನು ಲೋಟ ಕೆಳಗಿಟ್ಟೆ. ಬೋರ್ಡಿನ ಮೇಲೆ ಗೆರೆ ಎಳೆಸಿಕೊಂಡ ಆ ಶಬ್ದ ಎಲ್ಲಿಂದ ಬಂದಿತ್ತು ಎಂದು ಈಗ ತಿಳಿಯಿತು. ಯತೀಮನನ್ನು ಯಾರು ಸಾಕುವುದು ಎಂದು ಪಾಠ ಅಲ್ಲಿಗೆ ಬರುವ ಮೊದಲೇ ಈಕೆ ಕೇಳಿರಬೇಕು. ಗೊತ್ತಿಲ್ಲ ಎಂದರೆ ಬಿಡುವ ಜನ ಅಲ್ಲ ಎನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ರಝಿಯಾ ಪುಸ್ತಕ ಹುಡುಕಿ ಹೇಳಿರಬೇಕು.

‘ಇದಕ್ಕೆ ತಾಯಿ ಉಂಟು,’ ಎಂದಳು ರಝಿಯಾ. ‘ಮಗು ತನ್ನ ಕೆಲಸ ಎಲ್ಲ ಮಾಡಿ ಮುಗಿಸಿ ಆಯ್ತು. ಆದ್ರೆ ಸುಮ್ಮನೆ ಹೋಗ್ಲಿಕ್ಕೆ ಆಗುದಿಲ್ಲ. ಕೆಲಸ ಹೇಗಾಯ್ತು ಅಂತ ತಾಯಿಗೆ ಹೇಳಿಯೇ ಹೋಗ್ಬೇಕು.’

‘ಹೇಳಿ ಹೋಗ್ಲಿ. ಯಾರು ಬೇಡ ಹೇಳಿದ್ದು?’

‘ತಾಯಿ ಕೇಳ್ಬೇಕಲ್ಲ? ತಾಯಿ ಬೇರೆ ಕೆಲಸದಲ್ಲಿ ಉಂಟು, ಕೇಳುದೇ ಇಲ್ಲ. ಅವಳು ಕೇಳುವವರೆಗೆ ಇದು ಹೆಸರು ಮಾತ್ರ ಇಟ್ಕೊಂಡು ಕಾಯ್ತಾ ಇರ್ಬೇಕು. ಬದುಕಿಯೂ ಇಲ್ಲ, ಸತ್ತೂ ಇಲ್ಲ. ಅದಕ್ಕೇ ಝೋಂಬಿ ಹೇಳುದು.’

ಐಸಮ್ಮನ ಕೈ ನಿಂತಿತು. ‘ಎಂಥ ತಾಯಿ ಅದು! ಒಂದು ಮಾತು ಕೇಳ್ಲಿಕ್ಕೆ ಎಂತ ರೋಗ ಅವಳಿಗೆ?’

ಈ ವ್ಯಾಖ್ಯೆಯನ್ನು ನಾನು ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ಸ್ನಾನ ಮಾಡುವಾಗ, ದೋಸೆ ಹುಯ್ಯುವಾಗ ಗಟ್ಟಿಯಾಗಿ ಹೇಳಿಕೊಂಡಿದ್ದೆ. ಆದರೂ ಆರ್ಫನ್ ಜೊತೆಗೆ ಕಲಸಿಹೋಗಿತ್ತು. ಇನ್ನು ಸಾಯುವವರೆಗೆ ಕಲಸುವುದಿಲ್ಲ. ಲೋಟ ಎತ್ತಿ ಉಳಿದ ಚಹಾ ಕುಡಿದೆ.

‘ನೀವು ಒಂದು ಹೇಳಿ ಟೀಚರೇ,’ ಎಂದು ಐಸಮ್ಮ ನನ್ನ ಕಡೆ ತಿರುಗಿದರು.

ಡೆಡ್‌ಲಾಕ್ ಹೇಳಿದೆ. ಒಬ್ಬನ ಕೈಯಲ್ಲಿ ದೋಣಿ ಇದೆ, ಇನ್ನೊಬ್ಬನ ಕೈಯಲ್ಲಿ ದೋಣಿ ನೂಕುವ ಉದ್ದದ ಕೋಲು, ಜಲ್ಲೆ, ಇದೆ. ದೋಣಿಯವನಿಗೆ ಜಲ್ಲೆ ಬೇಕು, ಜಲ್ಲೆಯವನಿಗೆ ದೋಣಿ ಬೇಕು. ತನ್ನದನ್ನು ಮೊದಲು ಕೊಡಲು ಇಬ್ಬರೂ ತಯಾರಿಲ್ಲ. ಇಬ್ಬರೂ ದಡದಲ್ಲೇ.

‘ಮತ್ತೆ?’

‘ಮತ್ತೆ ಎಂತ? ಅಷ್ಟೇ. ಅದೇ ಡೆಡ್‌ಲಾಕ್.’

‘ಅಷ್ಟೇ ಹೇಗೆ ಆಗುದು? ಯಾರಾದ್ರೂ ಬಿಡಿಸ್ಬೇಕಲ್ಲ? ಯಜಮಾನಿ ಒಬ್ಬಳು ಉಂಟು ಹೇಳಿದ್ಲಲ್ಲ ರಝಿಯಾ, ಅವಳು ಎಂತ ಮಾಡ್ತಾಳೆ?’

ನಾನು ಪುಸ್ತಕ ಬಿಡಿಸಿದೆ. ಒಬ್ಬನ ಕೈಯಿಂದ ಬಲವಂತವಾಗಿ ಕಿತ್ತುಕೊಳ್ಳಬಹುದು ಎಂದೆ. ‘ಯಾರ ಕೈಯಿಂದ? ಅದು ನ್ಯಾಯವಾ?’ ಎಂದರು. ಒಬ್ಬನನ್ನು ಮುಗಿಸಿಬಿಡಬಹುದು ಎಂದೆ. ‘ಛೆ ಛೆ, ಒಂದು ಜಲ್ಲೆಗಾ?’ ಎಂದರು. ಕೊನೆಗೆ, ಯಾರೇ ಆಗಲಿ ಮೊದಲು ದೋಣಿ ಹಿಡಿಯಬೇಕು, ಆಮೇಲೆಯೇ ಜಲ್ಲೆ ಮುಟ್ಟಬೇಕು ಎಂದು ಮೊದಲೇ ಕ್ರಮ ಮಾಡಿಬಿಟ್ಟರೆ ಈ ಜಗಳವೇ ಹುಟ್ಟುವುದಿಲ್ಲ ಎಂದೆ. ಐಸಮ್ಮ ಸ್ವಲ್ಪ ಯೋಚಿಸಿ, ‘ಹಾಗೆ ಮಾಡಿ,’ ಎಂದರು. ಡೆಡ್‌ಲಾಕ್ ಬಿಡಿಸುವ, ತಡೆಯುವ ಮೂರು ವಿಧಾನಗಳನ್ನು ನಾನು ಪುಸ್ತಕ ನೋಡದೆ ಮತ್ತೊಮ್ಮೆ ಹೇಳಿದೆ. ಒಂದೂ ತಪ್ಪಲಿಲ್ಲ.

ಐಸಮ್ಮನಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಪ್ರೋಸೆಸ್ಸುಗಳೆಲ್ಲ ಮಣಿಪಾಲದಲ್ಲಿ ಎಲ್ಲೋ ಒಂದು ಬಿಡಾರದಲ್ಲಿ ಇರುವ ಜನ ಎಂದೇ ಅವರು ತಿಳಿದಿದ್ದರು. ಅವರಿಗೆ ಬೇಕಾಗಿದ್ದದ್ದು ಕಥೆ. ಆಮೇಲೆ ಏನಾಯಿತು ಎಂದು ತಿಳಿಯದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ, ಅಷ್ಟೇ.

ಬಸ್ ಸ್ಟಾಪಿನವರೆಗೆ ರಝಿಯಾ ಬಂದಳು. ನನ್ನ ಕೈಯಲ್ಲಿ ಐಸಮ್ಮ ಕೊಟ್ಟ ಮರುವಾಯಿಯ ಕಟ್ಟು. ಹೊಟ್ಟೆಯೊಳಗೆ ಹಳೆಯದಕ್ಕಿಂತ ಜೋರಾದ ಬೆಂಕಿ.

‘ದಿನಾ ಕೇಳ್ತಾರಾ ಅವರು?’

‘ದಿನಾ!’ ಎಂದು ಅವಳು ಹಣೆ ಬಡಿದುಕೊಂಡಳು. ‘ಉಪದ್ರ ಮಾರಾಯ್ರೆ. ಶನಿವಾರ ಇಡೀ ದಿನ ಎಲ್ಲಿಗೆ ಹೋಗ್ತೀ, ಎಂತ ಮಾಡ್ತೀ ಅಂತ ಶುರು ಆದದ್ದು. ಪೊಲೀಸರ ಹಾಗೆ. ನನಗೆ ಎಷ್ಟು ಸಿಟ್ಟು ಬರ್ತಿತ್ತು ಗೊತ್ತುಂಟಾ? ಮತ್ತೆ ಹೇಳ್ಲಿಕ್ಕೆ ಶುರು ಮಾಡಿದೆ. ಈಗ ಬಿಡುದೇ ಇಲ್ಲ. ಸುಸ್ತಾಗಿ ಬಂದ್ರೂ ಕಥೆ ಹೇಳ್ಬೇಕು. ನಾನು ನಿಮ್ಮನ್ನು ನೋಡಿ ಹೊಟ್ಟೆಕಿಚ್ಚು ಪಡ್ತೇನೆ.’

‘ನನ್ನನ್ನಾ?’

‘ಮತ್ತೆ? ನಿಮ್ಮ ಮನೆಯಲ್ಲಿ ಯಾರೂ ಎಂತದೂ ಕೇಳುದಿಲ್ಲ ಅಂತೀರಿ. ಎಷ್ಟು ಪುಣ್ಯ!’

ಆಗಲೇ ಬಸ್ಸು ಬಂದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾನು ಅವಳನ್ನು ಮರುವಾಯಿ ಸಮೇತ ಹೊಳೆಗೆ ನೂಕುತ್ತಿದ್ದೆನೋ ಏನೋ. ಕಿಟಕಿಯ ಬದಿ ಸೀಟು ಸಿಕ್ಕಿತು, ಮುಖವನ್ನು ಹೊರಗೆ ಮಾಡಿ ಅತ್ತೆ. ದುಃಖ ಎನ್ನುವಷ್ಟೇನೂ ಇರಲಿಲ್ಲ, ಸಿಟ್ಟು ಇತ್ತು. ಅವಳ ಬುದ್ಧಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತ ಇಷ್ಟು ದಿನ ವ್ಯರ್ಥ ಮಾಡಿದ್ದೆ. ಪಡಬೇಕಾಗಿದ್ದದ್ದು ಅವಳ ಅತ್ತೆಯ ಮೇಲೆ! ನಮ್ಮ ನಾಡಿನಲ್ಲಿ ಇನ್ನೊಬ್ಬಳ ಅತ್ತೆ ತನಗೆ ಬೇಕೆಂದು ಕಣ್ಣೀರು ಹಾಕಿದ ಸೊಸೆ ನಾನೊಬ್ಬಳೇ ಇರಬೇಕು.

ಮನೆಯಲ್ಲಿ ಪ್ರಯತ್ನ ಮಾಡಲಿಲ್ಲ ಎನ್ನಬೇಡಿ. ಅದೇ ಸಂಜೆ ಮಾಡಿದೆ. ಗಂಡ ಸೋಫಾದಲ್ಲಿ, ನಮ್ಮ ಅತ್ತೆ ಟೀವಿಯ ಎದುರು, ಮಗ ಇಯರ್‌ಫೋನಿನೊಳಗೆ.

‘ಡೆಡ್‌ಲಾಕ್ ಅಂದ್ರೆ ಎಂತ ಗೊತ್ತುಂಟಾ ನಿಮಗೆ?’ ಎಂದು ಗಟ್ಟಿಯಾಗಿಯೇ ಕೇಳಿದೆ.

ಗಂಡ ತಲೆ ಎತ್ತಿದರು. ‘ಹೂಡೆಯ ಮರುವಾಯಿಯಾ? ಪುಂಡಿ ಮಾಡು, ಒಳ್ಳೆದಾಗ್ತದೆ.’

ಅತ್ತೆ ಟೀವಿಯ ಸೌಂಡು ಕಡಿಮೆ ಮಾಡಿದರು. ನನ್ನ ಜೀವ ಒಮ್ಮೆ ಕುಣಿಯಿತು. ‘ಡೆಡ್ಡಾ? ಯಾರು ಹೋದದ್ದು?’ ಎಂದು ಕೇಳಿದರು.

ಯಾರೂ ಹೋಗಲಿಲ್ಲ, ಇದು ಕಂಪ್ಯೂಟರಿನದ್ದು ಎಂದೆ. ಸೌಂಡು ಮತ್ತೆ ಜೋರಾಯಿತು. ಅಕ್ಕಿಯ ಉಂಡೆ ಬೇಯಿಸಿ ಹಾಕಿ ಮರುವಾಯಿ ಪುಂಡಿ ಮಾಡಿದೆ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

ಮರುದಿನದಿಂದ ನಾನು ನಾಚಿಕೆ ಬಿಟ್ಟೆ. ಕುಕ್ಕರ್ ಇಟ್ಟ ಮೇಲೆ ಹಿತ್ತಿಲಿಗೆ ಹೋಗಿ ಹೂಡೆಗೆ ಫೋನು ಮಾಡುತ್ತಿದ್ದೆ. ರಝಿಯಾ ಎತ್ತಿದರೆ, ‘ಉಮ್ಮನಿಗೆ ಕೊಡು,’ ಎನ್ನುತ್ತಿದ್ದೆ. ಸರದಿ ಬಾರದೆ ಕೊರಗುವ ಬಡಪಾಯಿ ಪ್ರೋಸೆಸ್ಸಿನ ಕಥೆ ಹೇಳಿದೆ. ಹೆಚ್ಚು ಕಾದವರಿಗೆ ಯಜಮಾನಿ ಮೆಲ್ಲ ಮೆಲ್ಲ ಮೇಲಿನ ಸ್ಥಾನ ಕೊಡುತ್ತಾಳೆ ಎಂದಾಗ ಐಸಮ್ಮ, ‘ಅಲ್ಹಮ್ದುಲಿಲ್ಲಾ’ ಎಂದರು. 
ಮೆಮೊರಿಯಲ್ಲಿ ಜಾಗ ಸಾಲದಿದ್ದರೆ ಕೆಲವರ ಸಾಮಾನನ್ನು ಹೊರಗಿನ ಕೊಟ್ಟಿಗೆಗೆ ಸಾಗಿಸಿ, ಬೇಕಾದಾಗ ವಾಪಸು ತರುವ ಕಥೆ ಹೇಳಿದೆ. ‘ತರುವಾಗ ಅದಲು ಬದಲಾಗುದಿಲ್ವಾ?’ ಎಂದು ಕೇಳಿದರು. ಉತ್ತರ ಗೊತ್ತಿರಲಿಲ್ಲ. ಓದಿದೆ, ಮರುದಿನ ಹೇಳಿದೆ. ಅವರ ಬಾಯಿಂದ ಬರುವ ಒಂದು ‘ಮತ್ತೆ?’ಗಾಗಿ ನಾನು ಒಂದೊಂದು ಅಧ್ಯಾಯ ಓದುತ್ತಿದ್ದೆ.

ಒಂದು ದಿನ ರಝಿಯಾಳ ದನಿ ಬಿಗಿಯಾಗಿತ್ತು. ‘ಉಮ್ಮ ಈಗ ನನ್ನದು ಕೇಳುದೇ ಇಲ್ಲ,’ ಎಂದಳು. ‘ಟೀಚರು ಫೋನು ಮಾಡ್ತಾರೆ, ಅವರು ಚಂದ ಹೇಳ್ತಾರೆ ಅಂತಾರೆ. ನೀವು ಕಥೆಗೆ ಉಪ್ಪು ಖಾರ ಹಾಕ್ತೀರಂತೆ.’

‘ಉಪದ್ರ ಅಂತ ಹೇಳಿದ್ದೆಯಲ್ಲ?’

‘ಉಪದ್ರವೇ. ಆದ್ರೆ ನನ್ನ ಉಪದ್ರ ಅಲ್ವಾ ಅದು?’

ಅವಳಿಗೂ ಸ್ವಲ್ಪ ಉರಿಯಲಿ. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. (ಆಮೇಲೆ ವಾರದಲ್ಲಿ ಅರ್ಧ ನನಗೆ, ಅರ್ಧ ಅವಳಿಗೆ ಎಂದು ರಾಜಿ ಮಾಡಿಕೊಂಡೆವು. ಐಸಮ್ಮನನ್ನು ಯಾರೂ ಕೇಳಲಿಲ್ಲ.)

ಪರೀಕ್ಷೆ ಬರೆದೆ. ಪ್ರಶ್ನೆಪತ್ರಿಕೆಯ ಹಿಂದೆ ಕಾಲೇಜು, ಸಂಬಳ, ನನ್ನ ಲ್ಯಾಬು ಎಲ್ಲವೂ ನಿಂತು ನೋಡುತ್ತಿದ್ದವು. ಆದರೆ ಉತ್ತರ ಬರೆಯುವಾಗ ಮೇಡಂ ಮುಖ ನೆನಪಾಗಲಿಲ್ಲ, ಪುಸ್ತಕವೂ ನೆನಪಾಗಲಿಲ್ಲ. ಮೆಟ್ಟುಕತ್ತಿಯ ಹಿಂದೆ ಕೂತ ಒಬ್ಬರಿಗೆ ಹೇಳುತ್ತ ಹೋದೆ.

ಮೊನ್ನೆ ಸಂಜೆ ರಿಸಲ್ಟ್ ಬಂತು. ರಝಿಯಾ ಕ್ಲಾಸಿಗೆ ಮೊದಲಿಗಳು. ನಾನು ಪಾಸು. ಒಳ್ಳೆಯ ಪಾಸು, ಎಳೆದು ಪಾಸಾದದ್ದಲ್ಲ. ಜೂನ್‌ನಲ್ಲಿ ಕೀಲಿಗೊಂಚಲು ನನ್ನ ಹತ್ತಿರವೇ ಇರುತ್ತದೆ. ಅವಳ ಮಾರ್ಕು ನೋಡಿ ನನಗೆ ಹೊಟ್ಟೆ ಉರಿಯಲಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಹೂಡೆಯಿಂದ ಫೋನು ಬಂತು. ಸೊಸೆಯ ಕೈಯಿಂದ ಕಿತ್ತುಕೊಂಡು ಐಸಮ್ಮನೇ ಮಾತಾಡಿದರು. ಪಾಸಾ? ಎಷ್ಟು ಬಂತು? ಯಾವ ಯಾವ ಕಥೆ ಕೇಳಿದ್ದರು? ದೋಣಿಯದ್ದು ಬಂದಿತ್ತಾ? ಕೆಲಸ ಉಳಿಯಿತಾ? ಇನ್ನು ಮುಂದೆ ಯಾವ ಪಾಠ? ನಾನು ಹಿತ್ತಿಲಿನಲ್ಲಿ ನಿಂತು ಒಂದೊಂದಕ್ಕೂ ಉತ್ತರ ಹೇಳಿದೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ಒಳಗೆ ಬಂದೆ. ಗಂಡ ಪೇಪರು ಓದುತ್ತಿದ್ದರು. ಎದುರು ಹೋಗಿ ನಿಂತೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಹೇಳಿದೆ.

‘ನಾನು ಪಾಸಾದೆ.’

ಅವರು ಪೇಪರು ಮಡಚಿದರು. ನಿಜವಾಗಿ ಖುಷಿಪಟ್ಟರು, ಸುಳ್ಳು ಹೇಳಬಾರದು. ಮುಖ ತುಂಬ ನಕ್ಕು, ‘ಹೋ! ಭಾರೀ ಒಳ್ಳೆದಾಯ್ತು!’ ಎಂದರು.

ಮತ್ತೆ ಕೇಳಿದರು, ‘ಎಂತದ್ರಲ್ಲಿ?’